ತಿರುವಾಂಕೂರಿನ ಅಂತಃಕಲಹ ಮತ್ತು ಮಾರ್ತಾಂಡವರ್ಮ

1. ಆಳ್ವಿಕೆ: 1729–1758. ಹಿಂದಿನ ರಾಜ: ಸೋದರಮಾವ ರಾಮವರ್ಮ.
2. ಕಾರಣ: ಅಳಿಯಸಂತಾನದಂತೆ (ಮರುಮಕ್ಕತ್ತಾಯಂ) ಪಟ್ಟ ಸೋದರಳಿಯನಿಗೆ ಸಲ್ಲಬೇಕಿತ್ತು, ಆದರೆ ರಾಮವರ್ಮನ ಮಕ್ಕಳಾದ ಪಪ್ಪು ತಂಬಿ, ರಾಮನ್ ತಂಬಿ ಹಕ್ಕು ಕೇಳಿದರು.
3. ತಂಬಿಗಳ ಬೆಂಬಲಿಗರು: ಎಟ್ಟುವೀಟಿಲ್ ಪಿಳ್ಳಮಾರ್ (ಎಂಟು ಮನೆತನಗಳು). ಚೆಂಪಳಂತಿ, ಕಳಕ್ಕೂಟಂ, ಕುಳತ್ತೂರು ಮನೆತನಗಳ ಊರುಗಳು ಇಂದಿನ ತಿರುವನಂತಪುರದ ಶ್ರೀಕಾರ್ಯಂ ಸುತ್ತಮುತ್ತ ಇವೆ.
4. ಕುರುಹು: ನೆಯ್ಯಾಟಿಂಕರದ ಅಮ್ಮಚ್ಚಿ ಪ್ಲಾವ್. ಶತ್ರುಗಳಿಂದ ತಪ್ಪಿಸಿಕೊಳ್ಳಲು ಮಾರ್ತಾಂಡವರ್ಮ ಈ ಹಲಸಿನ ಮರದ ಪೊಟರೆಯಲ್ಲಿ ಅಡಗಿದ್ದನೆಂಬ ಪ್ರತೀತಿ.
5. ಅಂತ್ಯ: ತಂಬಿಗಳ ಹತ್ಯೆ, ಪಿಳ್ಳಮಾರ್‌ಗೆ ಮರಣದಂಡನೆ.
6. ಗೊಂದಲ ಬೇಡ: ಕೊಲಾಚೆಲ್ ಕದನ (10 ಆಗಸ್ಟ್ 1741) ಅಂತಃಕಲಹವಲ್ಲ, ಡಚ್ಚರ ವಿರುದ್ಧದ ಯುದ್ಧ. ಸೆರೆಸಿಕ್ಕವನು ಡಚ್ಚರ ಸೇನಾಧಿಕಾರಿ ಡಿ ಲನೋಯ್. ಸ್ಥಳ ಈಗ ಕೇರಳದಲ್ಲಿಲ್ಲ. ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ.
7. ತೃಪ್ಪಡಿದಾನಂ (1750): ಮಾರ್ತಾಂಡವರ್ಮ ರಾಜ್ಯವನ್ನು ಶ್ರೀಪದ್ಮನಾಭ ದೇವರಿಗೆ ಅರ್ಪಿಸಿ, 'ಪದ್ಮನಾಭದಾಸ'ನಾಗಿ ಆಳಿದ.