ಮಗನ ತೂಕ, ತಾಯಿಯ ಕಳವಳ

ತಾಯೀ, ಹತ್ತು ವರ್ಷದ ಮಗನ ತೂಕವು ಸಹಪಾಠಿಗಳಿಗಿಂತ ಅಧಿಕವಾಗಿದೆಯೆಂದು ಕಳವಳಗೊಂಡು, ರಾತ್ರಿಯ ಅನ್ನವನ್ನೇ ನಿಲ್ಲಿಸಿಬಿಡಲೇ ಎಂದು ತಾವು ಕೇಳಿರುವಿರಿ. ದಯವಿಟ್ಟು ಹಾಗೆ ಮಾಡಬೇಡಿರಿ. ಬೆಳೆಯುವ ದೇಹಕ್ಕೆ ಉಪವಾಸವು ಔಷಧವಲ್ಲ. ಅಲ್ಲದೆ, ವಯಸ್ಸು, ಲಿಂಗ, ಎತ್ತರಗಳನ್ನು ಒಟ್ಟಾಗಿ ಪರಿಗಣಿಸುವ ಬೆಳವಣಿಗೆಯ ನಕ್ಷೆಯಲ್ಲಿ ಮಕ್ಕಳ ವೈದ್ಯರು ಗುರುತಿಸಿ ನೋಡಿದ ಮೇಲೆಯೇ ಆ ತೂಕವು ಅಧಿಕವೋ ಅಲ್ಲವೋ ಎಂಬುದನ್ನು ನಿರ್ಣಯಿಸತಕ್ಕದ್ದು.

ತಾವು ಬರೆದ ದಿನಚರಿಯಲ್ಲಿ ನನ್ನನ್ನು ಚಿಂತೆಗೀಡುಮಾಡಿದುದು ಅನ್ನವಲ್ಲ, ಸಂಜೆಯ ಹೊತ್ತು: ಶಾಲೆಯ ವಾಹನದಿಂದಿಳಿದ ಬಾಲಕನು ಬೇಕರಿಯ ಪಫ್ಸನ್ನೂ ಕೋಲಾ ಬಾಟಲಿಯನ್ನೂ ಮುಂದಿಟ್ಟುಕೊಂಡು, ಟ್ಯೂಷನ್ನಿಗೆ ಹೊರಡುವ ತನಕ ಮೊಬೈಲಿನಲ್ಲಿಯೇ ಮಗ್ನನಾಗಿರುತ್ತಾನೆ. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ, ಎಂದರೆ ಏಳು ಟೀಚಮಚದಷ್ಟು, ಸಕ್ಕರೆ ಕರಗಿರುತ್ತದೆ. ಅದು ಹಸಿವನ್ನು ತಣಿಸದಾದ್ದರಿಂದ ರಾತ್ರಿಯ ಊಟವೇನೂ ಕಡಿಮೆಯಾಗದು. ಸಂಜೆಗೆ ಪಫ್ಸು, ಕೋಲಾಗಳ ಬದಲಿಗೆ ಹೆಸರುಕಾಳಿನ ಉಸಲಿ, ಸೀಬೆಹಣ್ಣು, ನೀರುಮಜ್ಜಿಗೆಗಳಿರಲಿ. ರಾತ್ರಿ ಮುದ್ದೆಯಾಗಲಿ ಅನ್ನವಾಗಲಿ, ಸೊಪ್ಪಿನ ಸಾರಿನೊಡನೆ ಎಲ್ಲರ ಪಂಕ್ತಿಯಲ್ಲಿಯೇ ಅವನೂ ಉಣ್ಣಲಿ. ಅವನೊಬ್ಬನಿಗೇ ಪಥ್ಯ ವಿಧಿಸಿದಲ್ಲಿ, ಮಗುವು ನಾಚಿಕೆಯಿಂದ ಕುಗ್ಗಿ, ಕದ್ದು ತಿನ್ನುವುದನ್ನು ಕಲಿಯುವ ಸಂಭವವುಂಟು.

ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಉಸಿರಿನ ವೇಗವೇರುವಂತೆ ಮೈ ದಣಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಮತ. ಅದಕ್ಕೆ ಖೊಖೊ, ಸೈಕಲ್ಲು, ಕಡೆಗೆ ಬೀದಿಯ ಕ್ರಿಕೆಟ್ಟಿನ ಓಟವೂ ಆದೀತು. ಟ್ಯೂಷನ್ನನ್ನು ಒಂದು ಗಂಟೆ ಮುಂದಕ್ಕೆ ಹಾಕಿಸಿ, ಅವನನ್ನು ಬಯಲಿಗೆ ಕಳುಹಿಸಿರಿ. ಅವನೆದುರಿನಲ್ಲಿ ಮಾತ್ರ ತೂಕದ ಮಾತನ್ನು ಎತ್ತದಿರಿ.