ಮನೆಯಲ್ಲಿ ಸೀಸ ಕಾಯಿಸಬೇಡಿ



ಕಳೆದ ತಿಂಗಳು ಒಂದು ಹಳ್ಳಿಯಲ್ಲಿ ರಾಗಿ ಹೊಲ ನೋಡಿಕೊಂಡು ಬರುತ್ತಿದ್ದಾಗ ಒಂದು ಮನೆಯ ಹಿತ್ತಲಿನಲ್ಲಿ ಹೊಗೆ ಕಂಡಿತು. ಹೋಗಿ ನೋಡಿದೆ. ಕೊಟ್ಟಿಗೆಯ ಪಕ್ಕದಲ್ಲಿ ಮನೆಯ ಯಜಮಾನರು ಹಳೆಯ ಟ್ರ್ಯಾಕ್ಟರ್ ಬ್ಯಾಟರಿಯನ್ನು ಕೊಡಲಿಯಿಂದ ಒಡೆದು, ಒಳಗಿನ ಪ್ಲೇಟುಗಳನ್ನು ಕಬ್ಬಿಣದ ಬಾಣಲಿಯಲ್ಲಿ ಕಾಯಿಸುತ್ತಿದ್ದರು. ಮೀನು ಬಲೆಗೆ ಸೀಸದ ಗುಂಡು ಬೇಕಾಗಿತ್ತು. ಉಳಿದದ್ದನ್ನು ಗುಜರಿಗೆ ಹಾಕುವ ಯೋಚನೆ. ಮೊಮ್ಮಗು ಅಲ್ಲೇ ಮಣ್ಣಿನಲ್ಲಿ ಆಡುತ್ತಿತ್ತು.

"ಇದು ಬೇಡ ಯಜಮಾನರೇ" ಎಂದೆ.

"ಇಪ್ಪತ್ತು ವರ್ಷದಿಂದ ಕಾಯಿಸ್ತಾ ಇದೀನಿ ಸ್ವಾಮಿ, ನನಗೇನಾಗಿದೆ?" ಎಂದರು.

ಈ ಪ್ರಶ್ನೆಗೆ ಉತ್ತರ ತಿಳಿದಿರುವುದು ನಮಗೆಲ್ಲ ಅವಶ್ಯಕ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಲ್ಲಿ, ಪೀಣ್ಯದ ಕಾರ್ಖಾನೆಗಳಲ್ಲಿ ಬ್ಯಾಟರಿಗಳ ಬಳಕೆ ಬಹಳ. ನಮ್ಮ ಹಳ್ಳಿಗಳಲ್ಲಿಯೂ ಟ್ರ್ಯಾಕ್ಟರು, ಆಟೋ, ಮನೆಯ ಇನ್ವರ್ಟರು ಬಂದಿವೆ. ಹಳೆಯ ಬ್ಯಾಟರಿ ಇಲ್ಲದ ಊರೇ ಈಗ ಅಪರೂಪ.

ಬ್ಯಾಟರಿಯೊಳಗೆ ಏನಿದೆ?

ಇಂಥ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಅದರಲ್ಲಿ ಸ್ವಲ್ಪ ಗಟ್ಟಿ ಲೋಹ. ಬಹಳಷ್ಟು ಪ್ಲೇಟಿಗೆ ಮೆತ್ತಿರುವ ಪುಡಿ. ಜೊತೆಗೆ ನೀರು ಬೆರೆತ ಗಂಧಕಾಮ್ಲ ಇರುತ್ತದೆ. ಇದು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯನ್ನೇ ತೆಗೆಯಬಹುದು.

ಸೀಸ 327 ಡಿಗ್ರಿ ಸೆಂಟಿಗ್ರೇಡಿಗೆ ಕರಗುತ್ತದೆ. ಸೌದೆಯ ಬೆಂಕಿ ಇದಕ್ಕಿಂತ ಬಹಳ ಬಿಸಿ. ಕಾವು ಏರಿದಂತೆ ಸೀಸ ಆವಿಯಾಗಿ, ಗಾಳಿಯಲ್ಲಿ ಅತಿ ಸಣ್ಣ ಧೂಳಾಗಿ ಹರಡುತ್ತದೆ. ಪ್ಲೇಟಿನ ಪುಡಿ ಬಾಣಲಿಯಲ್ಲಿ ಸರಿಯಾಗಿ ಲೋಹವಾಗದೆ ಕಿಟ್ಟವಾಗಿ ಉಳಿಯುತ್ತದೆ. ಆ ಕಿಟ್ಟವನ್ನು ಹಿತ್ತಲಿಗೇ ಚೆಲ್ಲುತ್ತೇವೆ. ಕರಗಿದ ಸೀಸಕ್ಕೆ ನೀರು ಬಿದ್ದರೆ ಅದು ಸಿಡಿದು ಮೈ ಮುಖ ಸುಡುವುದೂ ಉಂಟು.

ವಿಷ ಯಾರಿಗೆ ತಗಲುತ್ತದೆ?

ಈ ಧೂಳು ಕೈಗೆ, ಬಟ್ಟೆಗೆ, ನೆಲಕ್ಕೆ, ತೆರೆದಿಟ್ಟ ಅನ್ನಕ್ಕೆ ಅಂಟುತ್ತದೆ. ಮಗು ಮಣ್ಣಿನಲ್ಲಿ ಆಡಿ ಬೆರಳನ್ನು ಬಾಯಿಗಿಡುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ಮೈ ಹೀರುವುದಕ್ಕಿಂತ 4-5 ಪಟ್ಟು ಹೆಚ್ಚನ್ನು ಮಗುವಿನ ಮೈ ಹೀರಿಕೊಳ್ಳಬಲ್ಲದು. ಬೆಳೆಯುವ ಮಿದುಳಿಗೆ ಆದ ಹಾನಿ ಮತ್ತೆ ಸರಿಹೋಗುವುದಿಲ್ಲ. ಮಗು ಓದಿನಲ್ಲಿ ಹಿಂದೆ ಬೀಳುತ್ತದೆ. ನಾವು ದಡ್ಡ ಎಂದು ಬೈಯುತ್ತೇವೆ.

ದೊಡ್ಡವರಲ್ಲಿ ಸೀಸ ಮೂಳೆಯಲ್ಲಿ ವರ್ಷಗಟ್ಟಲೆ ಸೇರಿಕೊಂಡಿರುತ್ತದೆ. ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ರಕ್ತದ ಒತ್ತಡ, ಮೂತ್ರಪಿಂಡದ ತೊಂದರೆ ಬರಬಹುದು. ಗರ್ಭಿಣಿಯ ಮೂಳೆಯಿಂದ ಅದು ಹೊಟ್ಟೆಯ ಕೂಸಿಗೂ ಹೋಗುತ್ತದೆ. ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ದನಗಳೂ ಉಳಿಯುವುದಿಲ್ಲ. ಒಡೆದ ಬ್ಯಾಟರಿಯನ್ನು ಹಸು, ಕರು ನೆಕ್ಕುತ್ತವೆ. ಕಣ್ಣು ಕಾಣದಂತಾಗಿ, ಹಲ್ಲು ಕಡಿದು, ನಡುಗಿ ಬಿದ್ದು ಸಾಯುವುದುಂಟು. ಮಣ್ಣಿಗೆ ಸೇರಿದ ಸೀಸ ಮಳೆಗೆ ಕೊಚ್ಚಿಹೋಗದೆ ಮೇಲ್ಮಣ್ಣಿನಲ್ಲೇ ನಿಲ್ಲುತ್ತದೆ. ಅಲ್ಲಿ ಬೆಳೆದ ಸೊಪ್ಪು, ಗೆಡ್ಡೆಗಳೊಡನೆ ಅಡುಗೆಮನೆಗೆ ಬರುತ್ತದೆ.

ನಡೆದ ಸಂಗತಿಗಳು

ಆಫ್ರಿಕದ ಸೆನೆಗಲ್ ದೇಶದಲ್ಲಿ, ಡಕಾರ್ ನಗರದ ಹೊರವಲಯದ ಥಿಯಾರೋಯ್ ಎಂಬಲ್ಲಿ ಜನರು ಹಳೆಯ ಬ್ಯಾಟರಿ ಒಡೆದ ಜಾಗದ ಮಣ್ಣನ್ನು ಮನೆಗೆ ತಂದು ಜರಡಿ ಹಿಡಿದು ಸೀಸ ಆರಿಸುತ್ತಿದ್ದರು. 2007ರ ನವೆಂಬರಿನಿಂದ 2008ರ ಮಾರ್ಚಿಯೊಳಗೆ ಅಲ್ಲಿ 18 ಮಕ್ಕಳು ತೀರಿಕೊಂಡರು. ಅವರ ಒಡಹುಟ್ಟಿದವರ, ತಾಯಂದಿರ ರಕ್ತದಲ್ಲಿ ಬಹಳ ಸೀಸ ಸಿಕ್ಕಿತು.

ನಮ್ಮ ಬೆಂಗಳೂರಿನಲ್ಲಿಯೇ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ವಿಷಯದಲ್ಲಿ ಬಹುಕಾಲ ದುಡಿದರು. ಜಾರ್ಜ್ ಫೌಂಡೇಶನ್ 1999ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದೇಶದ ದೊಡ್ಡ ನಗರಗಳಲ್ಲಿ ಪರೀಕ್ಷಿಸಿದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಮಿತಿಮೀರಿತ್ತು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸವನ್ನು ತೆಗೆಯಲಾಯಿತು. ಪೆಟ್ರೋಲಿನಿಂದ ಹೋದ ವಿಷವನ್ನು ನಾವೇ ಹಿತ್ತಲಿಗೆ ಕರೆದುಕೊಳ್ಳಬೇಕೇ?

ಏನು ಮಾಡಬೇಕು?

1. ಬ್ಯಾಟರಿಯನ್ನು ಒಡೆಯಕೂಡದು, ಆಸಿಡ್ ಚೆಲ್ಲಕೂಡದು. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಇಡಿಯಾಗಿ ಅಂಗಡಿಗೆ ಕೊಟ್ಟು ಬೆಲೆಯಲ್ಲಿ ಮುರಿದುಕೊಳ್ಳಿ. ಒಡೆದರೆ ಪುಡಿಯಲ್ಲಿರುವ ಸೀಸ ಕಿಟ್ಟವಾಗಿ ಹೋಗುತ್ತದೆ. ಇಡಿಯಾಗಿ ಕೊಟ್ಟರೆ ಪೂರ್ತಿ ತೂಕಕ್ಕೆ ಬೆಲೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಬೇರೆ ಕಸದೊಡನೆ ಸೇರಿಸದೆ ಸಂಗ್ರಹಿಸುವವರಿಗೆ ಒಪ್ಪಿಸುವುದು ಬಳಸಿದವರ ಹೊಣೆ.

2. ಕೊಡುವವರೆಗೆ ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸಿ, ಮಕ್ಕಳಿಗೂ ದನಗಳಿಗೂ ಸಿಗದ ಕಡೆ ಇಡಿ.

3. ಈಗಾಗಲೇ ಸೀಸ ಕಾಯಿಸಿದ ಜಾಗವಿದ್ದರೆ ಒಣಪೊರಕೆಯಿಂದ ಗುಡಿಸಬೇಡಿ, ಧೂಳು ಏಳುತ್ತದೆ. ಒಳ್ಳೆಯ ಮಣ್ಣನ್ನು ದಪ್ಪವಾಗಿ ಹಾಕಿ ಮುಚ್ಚಿ. ಅಲ್ಲಿ ಸೊಪ್ಪು ಬೆಳೆಯಬೇಡಿ. ಕಿಟ್ಟವನ್ನು ಕೆರೆಗೆ, ಬಾವಿಗೆ ಹಾಕಬೇಡಿ.

4. ಆ ಬಾಣಲಿಯನ್ನು ಮತ್ತೆ ಅಡುಗೆಗೆ ತರಬೇಡಿ.

5. ಮನೆಯ ಮಕ್ಕಳನ್ನು ವೈದ್ಯರಿಗೆ ತೋರಿಸಿ, ಸೀಸ ಕಾಯಿಸಿದ ವಿಷಯವನ್ನು ಮುಚ್ಚಿಡದೆ ಹೇಳಿ. ರಕ್ತದಲ್ಲಿ ಸೀಸ ಎಷ್ಟಿದೆಯೆಂಬ ಪರೀಕ್ಷೆಯಿಂದ ಮಾತ್ರ ನಿಜ ತಿಳಿಯುತ್ತದೆ. ರಾಗಿ, ಹಾಲು, ಬೇಳೆ, ಸೊಪ್ಪು ತಿನ್ನುವ ಮಗುವಿನ ಮೈಗೆ ಸೀಸ ಕಡಿಮೆ ಹತ್ತುತ್ತದೆ. ಆದರೆ ಅದೇ ಮದ್ದೆಂದು ತಿಳಿಯಬಾರದು.

ಯಜಮಾನರಿಗೆ ನಾನು ಕೊಟ್ಟ ಉತ್ತರ ಇಷ್ಟೆ: "ನಿಮಗೇನಾಗಿದೆಯೋ ರಕ್ತ ನೋಡಿದರೆ ತಿಳಿಯುತ್ತದೆ. ಆದರೆ ಈ ಮಣ್ಣನ್ನು ತಿನ್ನುವುದು ನೀವಲ್ಲ, ಮೊಮ್ಮಗು." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗುವನ್ನು ಎತ್ತಿ ಸೊಸೆಯ ಕೈಗೆ ಕೊಟ್ಟು, ಬೆಂಕಿಯಿಂದ ಸೌದೆ ಹಿಂದಕ್ಕೆಳೆದರು.

ಓದಿದವರು ಓದಲು ಬಾರದವರಿಗೆ ಓದಿ ಹೇಳಿ. ನಿಮ್ಮೂರಿನಲ್ಲಿ ಬ್ಯಾಟರಿ ಒಡೆಯುವ ಜಾಗ ಎಲ್ಲಿದೆ, ಅಲ್ಲಿ ಆಡುವ ಮಕ್ಕಳು ಯಾರು ಎಂಬುದನ್ನು ಮುಂದಿನ ಗ್ರಾಮಸಭೆಯಲ್ಲಿ ಚರ್ಚಿಸಿ.

— ಗ್ರಾಮಸೇವಕ