ಹಸುವಿನ ತೊಟ್ಟಿಯ ನೀರಿನಲ್ಲೂ ಫ್ಲೋರೈಡ್ ಇರಬಹುದು



ಬಾಗೇಪಲ್ಲಿ, ಗೌರಿಬಿದನೂರು, ಪಾವಗಡದ ಕಡೆ ಅನೇಕ ಮನೆಗಳಲ್ಲಿ ಕುಡಿಯುವ ನೀರನ್ನು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುತ್ತೇವೆ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಎಂಬ ಭಯ ನಮಗಿದೆ. ಆದರೆ ಕೊಟ್ಟಿಗೆಯ ತೊಟ್ಟಿಗೆ ಬೀಳುವುದು ಅದೇ ಬೋರ್‌ವೆಲ್ ನೀರು. ನಾವು ದಿನಕ್ಕೆ 3 ಲೀಟರ್ ಕುಡಿದರೆ, ಹಾಲು ಕರೆಯುವ ಮಿಶ್ರತಳಿ ಹಸು 60 ಲೀಟರಿನಷ್ಟು ಕುಡಿಯುತ್ತದೆ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ದಿನಕ್ಕೆ 180 ಮಿಲಿಗ್ರಾಂ ಅದರ ಹೊಟ್ಟೆ ಸೇರುತ್ತದೆ.

ಫ್ಲೋರೈಡ್ ಎಲ್ಲಿಂದ ಬರುತ್ತದೆ?

ನಮ್ಮದು ಉತ್ತರ ಪಿನಾಕಿನಿ ಮತ್ತು ಅದರ ಉಪನದಿಗಳಾದ ಚಿತ್ರಾವತಿ, ಜಯಮಂಗಲಿ ಹರಿಯುವ ಸೀಮೆ. ನೆಲದಡಿ ಇರುವುದು ಗ್ರಾನೈಟ್ ಜಾತಿಯ ಗಟ್ಟಿ ಬಂಡೆ. ಈ ಬಂಡೆಯ ಕಪ್ಪು ಅಭ್ರಕದಂಥ ಖನಿಜಗಳಲ್ಲಿ ಫ್ಲೋರೈಡ್ ಸೇರಿಕೊಂಡಿದೆ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಅದು ಸ್ವಲ್ಪಸ್ವಲ್ಪವಾಗಿ ಕರಗುತ್ತದೆ. ಕೆರೆಗೆ ಹರಿದು ಬರುವ ಮಳೆನೀರಿಗೆ ಅಷ್ಟು ಸಮಯ ಸಿಗುವುದಿಲ್ಲ. ಹಾಗಾಗಿ ಅದರಲ್ಲಿ ಫ್ಲೋರೈಡ್ ಕಡಿಮೆ.

ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಸುಣ್ಣ ಕಡಿಮೆಯಿದ್ದು ಸೋಡಾ ಅಂಶ ಹೆಚ್ಚಿದ್ದರೆ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ಆದ್ದರಿಂದ ಬೇಳೆ ಬೇಗ ಬೇಯುವ ಮೆದು ನೀರು ಎಂದ ಮಾತ್ರಕ್ಕೆ ಅದನ್ನು ನಂಬುವಂತಿಲ್ಲ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಂದೇ ಊರಿನ ಎರಡು ಬೋರ್‌ವೆಲ್‌ಗಳಲ್ಲಿ ಪ್ರಮಾಣ ಬೇರೆಬೇರೆ ಇರಬಹುದು.

ಎಷ್ಟಿದ್ದರೆ ಸರಿ?

ಜನರು ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದಿದ್ದಾಗ 1.5ರವರೆಗೆ ಒಪ್ಪಬಹುದು. ರಾಸುಗಳ ನೀರಿಗೆ 2 ಮಿಲಿಗ್ರಾಂ ಮಿತಿ.

ರಾಸಿನಲ್ಲಿ ಏನು ಕಾಣುತ್ತದೆ?

* ಕೆಳದವಡೆಯ ಮುಂದಿನ ಹಲ್ಲುಗಳ ಮೇಲೆ ಹಳದಿ ಅಥವಾ ಕಂದು ಪಟ್ಟೆ, ಬೇಗ ಸವೆತ.
* ಒಣಹುಲ್ಲು ಅಗಿಯಲು ಕಷ್ಟ, ತಣ್ಣೀರು ಕುಡಿಯಲು ಹಿಂಜರಿಕೆ.
* ಬಿಗಿದ ನಡಿಗೆ, ಆಗಾಗ ಕುಂಟುವುದು, ಕಾಲಿನ ಮೂಳೆಯ ಮೇಲೆ ಗಂಟು.
* ಮೇವು ಕಡಿಮೆಯಾಗಿ ಮೈ ಇಳಿಯುವುದು, ಹಾಲು ತಗ್ಗುವುದು.

ಕುಂಟಲು ಬೇರೆ ಕಾರಣಗಳೂ ಇವೆ. ಪಶುವೈದ್ಯರಿಗೆ ಹಲ್ಲು ತೋರಿಸಿ, ನೀರಿನ ವಿಷಯವನ್ನೂ ಹೇಳಿ. ಹಲ್ಲಿನ ಕಲೆ ಹೋಗಲಾಡಿಸುವ ಔಷಧಿ ಇಲ್ಲ. ಮುಂದೆ ಹಾನಿ ಹೆಚ್ಚದಂತೆ ತಡೆಯುವುದೇ ದಾರಿ.

ನಾವು ಮಾಡಬೇಕಾದದ್ದು

1. ನೀರು ಪರೀಕ್ಷೆ ಮಾಡಿಸಿ. ಬೋರ್‌ವೆಲ್ ಹತ್ತು ನಿಮಿಷ ಓಡಿಸಿ, ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ತೊಳೆದು ಒಂದು ಲೀಟರ್ ಹಿಡಿಯಿರಿ. ಗಾಜಿನ ಬಾಟಲಿ ಬೇಡ. ಎಲ್ಲಿಗೆ ಕೊಡಬೇಕೆಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಮಾಡಿಸಿದರೆ ಉತ್ತಮ.

2. ಒಳ್ಳೆಯ ನೀರು ಕಡಿಮೆಯಿದ್ದರೆ ಮೊದಲು ಕರುಗಳಿಗೆ, ಪಡ್ಡೆಗಳಿಗೆ ಕೊಡಿ. ಶಾಶ್ವತ ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲೇ ಫ್ಲೋರೈಡ್ ಅದನ್ನು ಕೆಡಿಸುತ್ತದೆ. ಇಂದಿನ ಕರುವಿನ ಹಲ್ಲು ಕೆಟ್ಟರೆ ನಾಳಿನ ಹಸುವಿನ ಮೇವು ಕೆಟ್ಟಂತೆ.

3. ಮಳೆನೀರು ಬೆರೆಸಿ. 3 ಮಿಲಿಗ್ರಾಂ ಇರುವ ಬೋರ್‌ವೆಲ್ ನೀರಿಗೆ ಅಷ್ಟೇ ಪ್ರಮಾಣದ ಚಾವಣಿಯ ಮಳೆನೀರು ಸೇರಿಸಿದರೆ ಅದು ಸುಮಾರು 1.5ಕ್ಕೆ ಇಳಿಯುತ್ತದೆ. ಕೃಷಿಹೊಂಡದ ಶುದ್ಧ ನೀರೂ ಆಗಬಹುದು. ಪಾಚಿಗಟ್ಟಿದ, ಕೊಳಚೆ ಸೇರಿದ ಕೆರೆನೀರು ಬೇಡ.

4. ಶುದ್ಧ ನೀರಿನ ಘಟಕದಿಂದ ಹೊರಹೋಗುವ ವ್ಯರ್ಥ ನೀರನ್ನು ಹಸುವಿಗೆ ಕುಡಿಸಬೇಡಿ. ಶುದ್ಧ ನೀರಿನಿಂದ ತೆಗೆದ ಫ್ಲೋರೈಡ್ ಅದರಲ್ಲೇ ಸೇರಿರುತ್ತದೆ.

5. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಪ್ರಮಾಣ ಏರುತ್ತದೆ.

6. ಖನಿಜ ಮಿಶ್ರಣವನ್ನು ತಪ್ಪದೆ ಕೊಡಿ. ಅದರ ಕ್ಯಾಲ್ಸಿಯಂ ಕರುಳಿನಲ್ಲಿ ಫ್ಲೋರೈಡನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ.

ಹಾಲು ಕುಡಿಯಬಹುದೇ?

ಕುಡಿಯಬಹುದು. ಹಸು ನುಂಗಿದ ಫ್ಲೋರೈಡಿನಲ್ಲಿ ಹಾಲಿಗೆ ಬರುವುದು ಅತ್ಯಲ್ಪ. ದೇಹದಲ್ಲಿ ಉಳಿದದ್ದು ಸೇರುವುದು ಅದರ ಮೂಳೆ ಮತ್ತು ಹಲ್ಲಿಗೆ. ನಮಗೆ ಶುದ್ಧ ಹಾಲು ಕೊಡುವ ಹಸುವೇ ಆ ನೋವನ್ನು ಹೊರುತ್ತದೆ.

ಮುಂದಿನ ಸಂಘದ ಸಭೆಯಲ್ಲಿ ಈ ವಿಷಯ ಎತ್ತಿ. ಊರಿನ ಯಾವ ಬೋರ್‌ವೆಲ್‌ನಲ್ಲಿ ಎಷ್ಟಿದೆ ಎಂಬ ಪಟ್ಟಿಯನ್ನು ಹಾಲಿನ ಡೇರಿಯ ಗೋಡೆಯ ಮೇಲೆ ಬರೆಸಿ. ಎಲ್ಲರ ಕಣ್ಣಿಗೂ ಬೀಳಲಿ.